ತಟ್ಟೆಯವಳ ಗಡಿಗೆ

ನಮ್ಮೂರಿನಲ್ಲಿ ಹೋದವರನ್ನು ಅಮಾವಾಸ್ಯೆಯವರೆಗೆ ಮಾತ್ರ ನೆನೆಯಬಹುದು. ಚಂದ್ರ ಸವೆದ ಹಾಗೆ ಅವರೂ ಸವೆಯುತ್ತಾರೆ. ಮೊದಲು ದನಿ ಹೋಗುತ್ತದೆ, ಆಮೇಲೆ ಮುಖ, ಕೊನೆಗೆ ಹೆಸರು. ಪಾಡ್ಯದ ಬೆಳಿಗ್ಗೆ ಹೆತ್ತವರಿಗೂ ಗೊತ್ತಿರುವುದಿಲ್ಲ, ಕಟ್ಟಿಕೊಂಡವರಿಗೂ ಗೊತ್ತಿರುವುದಿಲ್ಲ. ಮನೆಯಲ್ಲಿ ಒಂದು ಮಣೆ ಹೆಚ್ಚಿಗೆ ಯಾಕಿದೆ ಎಂದು ಅರೆಗಳಿಗೆ ಯೋಚಿಸಿ, ಅದರ ಮೇಲೆ ಹಿಟ್ಟಿನ ಡಬ್ಬ ಇಟ್ಟು ಸುಮ್ಮನಾಗುತ್ತಾರೆ. ಅಮಾವಾಸ್ಯೆ ಕಳೆದ ಮೇಲೆ ಸತ್ತರೆ ನಾಲ್ಕು ದಿನ ಹೆಚ್ಚು ಸಿಗುತ್ತದೆ ಎಂದು ತಿಥಿ ನೋಡಿಕೊಂಡು ಪ್ರಾಣ ಬಿಡುವ ಮುದುಕರೂ ನಮ್ಮಲ್ಲಿದ್ದಾರೆ.

ಮರೆಯಬಾರದು ಎಂದರೆ ಗಡಿಗೆ ಬೇಕು.

ಕಾಲುವೆಯ ಆಚೆ ಗಡಿಗೆಮನೆ ಇದೆ. ಒಂದೇ ಒಂದು ಉದ್ದನೆಯ ತೊಲೆ, ತೊಲೆಯಿಂದ ಇಳಿಬಿಟ್ಟ ನೆಲುವುಗಳು, ನೆಲುವಿಗೊಂದು ಗಡಿಗೆ. ಗಡಿಗೆಯ ಬಾಯಿಗೆ ಕಿವಿ ಇಟ್ಟರೆ, ಹೋದವರ ಬಗ್ಗೆ ಬೇರೆಯವರು ಆಡಿದ ಮಾತು ಕೇಳುತ್ತದೆ. ಆ ಮಾತು ಅಲ್ಲಿ ಇರುವವರೆಗೆ ಅವರ ಮುಖವೂ ಹೆಸರೂ ನಮ್ಮಲ್ಲಿ ಇರುತ್ತವೆ. ಪಾಡ್ಯದ ಬೆಳಿಗ್ಗೆ ಊರಿಗೆ ಊರೇ ಕಾಲುವೆ ದಾಟಿ ಹೋಗಿ, ತಮ್ಮ ತಮ್ಮವರ ಗಡಿಗೆಗೆ ಕಿವಿ ಕೊಟ್ಟು ಬರುವುದು ಪದ್ಧತಿ. ಆ ಮನೆಗೆ ಬಾಗಿಲಿದೆ, ಬೀಗವಿಲ್ಲ. ಯಾರು ಬೇಕಾದರೂ ಗಡಿಗೆ ತೂಗುಹಾಕಬಹುದು. ಯಾರು ಬೇಕಾದರೂ ಅದರೊಳಗೆ ಮಾತು ಹಾಕಬಹುದು. ಯಾರು ಬೇಕಾದರೂ ‘ಇದು ಇಲ್ಲಿರತಕ್ಕದ್ದಲ್ಲ’ ಎಂದು ತಕರಾರೂ ಎತ್ತಬಹುದು. ಒಳಗೆ ಮಾತ್ರ ಎಲ್ಲರೂ ಪಿಸುದನಿಯಲ್ಲೇ ಆಡಬೇಕು, ಗಟ್ಟಿಯಾಗಿ ಆಡಿದ್ದು ಯಾರದೋ ಗಡಿಗೆಗೆ ಬಿದ್ದುಬಿಡುತ್ತದೆ. ಹಿಂದೆ ಯಾರೋ ‘ಅಯ್ಯೋ ಬೆನ್ನು ತುರಿಸ್ತಿದೆ’ ಎಂದು ಗಟ್ಟಿಯಾಗಿ ಅಂದಿದ್ದು ಇಂದಿಗೂ ಒಬ್ಬ ದೊಡ್ಡ ದಂಡನಾಯಕನ ಗಡಿಗೆಯಲ್ಲಿ ಕೇಳುತ್ತದೆ.

ಮಾತಿಗೆ ಒಂದು ಕಟ್ಟಳೆಯಿತ್ತು. ತನ್ನ ಮಾತು ತನ್ನ ಗಡಿಗೆಗೆ ಸಲ್ಲದು. ನೆಂಟರ ಮಾತು ಸಲ್ಲದು. ಹಂಗಿನವರ ಮಾತು ಸಲ್ಲದು. ಹಗೆಯವರ ಮಾತೂ ಸಲ್ಲದು. ಯಾವ ಋಣವೂ ಇಲ್ಲದವರು ತಾವಾಗಿ ಬಂದು ಆಡಿದ್ದೇ ಮಾತು. ಕಟ್ಟಳೆ ಕೆಟ್ಟದ್ದೇನಲ್ಲ. ಅದಿಲ್ಲದ ಕಾಲದಲ್ಲಿ ಒಬ್ಬ ಉಪ್ಪಿನಕಾಯಿಯವನು ಬದುಕಿದ್ದಾಗಲೇ ದನಿ ಬದಲಾಯಿಸಿಕೊಂಡು ತನ್ನ ಗಡಿಗೆಯನ್ನು ತಾನೇ ಹೊಗಳಿ ತುಂಬಿಸಿದ್ದ. ಅಂಥ ಮಾವಿನಮಿಡಿ ಭೂಮಿಯಲ್ಲೇ ಇಲ್ಲ ಎಂದು ಆ ಗಡಿಗೆ ತಲೆಮಾರುಗಟ್ಟಲೆ ಹೇಳಿತು. ತಿಂದವರು ಬೇರೆಯೇ ಹೇಳುತ್ತಿದ್ದರು.

ಕಟ್ಟಳೆ ಕಾಯುವುದಕ್ಕೆ ಇಬ್ಬರಿದ್ದರು. ಒಬ್ಬ ಒಡೆಯುವವನು. ಸಲ್ಲದ ಗಡಿಗೆಯನ್ನು ನುಣ್ಣನೆಯ ಕಾಲುವೆಗಲ್ಲಿನಿಂದ ಒಡೆಯುವುದು ಅವನ ಕೆಲಸ. ವಯಸ್ಸೆಲ್ಲ ಅಲ್ಲೇ ಪಿಸುಗುಟ್ಟಿ ಕಳೆದವನು, ಅವನ ಗಂಟಲಿಗೆ ಕೂಗುವುದೇ ಮರೆತುಹೋಗಿತ್ತು. ಇನ್ನೊಬ್ಬಳು ತೂಗುವ ಅಜ್ಜಿ. ಅವಳ ಮುಂದೆ ಒಂದು ತಕ್ಕಡಿ, ಎರಡೂ ತಟ್ಟೆ ಖಾಲಿ. ಇರಲಿ ಎನ್ನುವವರ ಮಾತು ಒಂದು ಕಡೆ, ಬೇಡ ಎನ್ನುವವರ ಮಾತು ಇನ್ನೊಂದು ಕಡೆ. “ಇಲ್ಲಿ ತಲೆ ಎಣಿಸೋದಿಲ್ಲಪ್ಪ, ಮಾತು ತೂಗೋದು,” ಎಂದು ಬಂದವರಿಗೆಲ್ಲ ಹೇಳಿ ಹೇಳಿ ಅವಳಿಗೇ ಬೇಸರ ಬಂದಿತ್ತು.

ಇನ್ನು ತಟ್ಟೆಯವಳ ವಿಷಯ.

ಊರಿಗೆ ಸುದ್ದಿ ಹೇಳಲು ಅರಮನೆಯ ಡಂಗುರದವನಿದ್ದ. ಅಪ್ಪಣೆ ಬಂದರೆ ಸಾರುತ್ತಿದ್ದ, ಬರದಿದ್ದರೆ ಮಲಗುತ್ತಿದ್ದ. ತಟ್ಟೆಯವಳಿಗೆ ಅಪ್ಪಣೆ ಕೊಟ್ಟವರು ಯಾರೂ ಇಲ್ಲ. ಮನೆಯ ಊಟದ ತಟ್ಟೆ ಒಂದು ಕೈಯಲ್ಲಿ, ಸೌಟು ಇನ್ನೊಂದು ಕೈಯಲ್ಲಿ. ಬೆಳಗಾದರೆ ಊರು ಸುತ್ತುವುದು, ಕಂಡದ್ದನ್ನು ನೋಡುವುದು, ನೋಡಿದ್ದನ್ನು ಠಣ್ ಠಣ್ ಠಣ್ ಎಂದು ಬಡಿದು ಹೇಳುವುದು. ಬಾವಿಯಲ್ಲಿ ಇಲಿ ಸತ್ತಿದೆ, ನೀರು ಸೇದಬೇಡಿ. ಕಣಜದ ಸೇರಿಗೆ ಒಳಗೆ ಮೇಣ ಮೆತ್ತಿದ್ದಾರೆ, ಅಳೆಯುವಾಗ ನೋಡಿಕೊಳ್ಳಿ. ಕಾಲುವೆ ದಾಟುವ ಕಾಲುಸಂಕದ ನಡುವಿನ ಹಲಗೆ ಸಡಿಲವಾಗಿದೆ, ಕಾಲು ಎತ್ತಿ ಆಚೆಗಿಡಿ. ಏನೂ ಇಲ್ಲದ ದಿನವೂ ಬಿಡುತ್ತಿರಲಿಲ್ಲ. “ಇವತ್ತು ಸುದ್ದಿ ಏನಿಲ್ಲ, ಹೋಗಿ ಉಣ್ಣಿ,” ಎಂದು ಬಡಿದು ಹೇಳಿ ಮನೆಗೆ ಹೋಗುತ್ತಿದ್ದಳು.

ತಪ್ಪೂ ಮಾಡುತ್ತಿದ್ದಳು. ಒಮ್ಮೆ ಗಾಣದವನು ಸತ್ತ ಎಂದು ಬಡಿದಳು. ಊರು ಹೂವು ಹಿಡಿದು ಹೋದರೆ ಅವನು ಎದ್ದು ಕೂತು ಅಂಬಲಿ ಕುಡಿಯುತ್ತಿದ್ದ. ಮಾರನೇ ಬೆಳಿಗ್ಗೆ ಅದೇ ಬೀದಿಯಲ್ಲಿ, ಅದೇ ಜೋರಿನಲ್ಲಿ ಬಡಿದಳು. “ನಿನ್ನೆ ಹೇಳಿದ್ದು ತಪ್ಪು. ಗಾಣದವನು ಬದುಕಿದ್ದಾನೆ. ಮಲಗಿದ್ದ, ಅಷ್ಟೇ.” ಡಂಗುರದವನು ಅಂಥ ಮಾತನ್ನು ಜನ್ಮದಲ್ಲಿ ಒಮ್ಮೆಯೂ ಸಾರಿದ್ದಿಲ್ಲ. ಅವಳ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆವತ್ತಿನಿಂದ.

ಹಲಗೆಯ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಗಡಿಗೆಮನೆಗೆ ಹೋಗಲು ಇರುವುದು ಆ ಕಾಲುಸಂಕ ಒಂದೇ. ಅವಳು ಹೇಳಿದ ದಿನದಿಂದ ಊರೆಲ್ಲ ನಡುವೆ ಬಂದಾಗ ಕಾಲು ಎತ್ತಿ ಆಚೆಗೆ ಇಡತೊಡಗಿತು. ಎಷ್ಟೋ ಕಾಲದ ಮೇಲೆ ಹೊಸ ಹಲಗೆ ಬಂತು. ಹಲಗೆ ಬದಲಾಯಿತು, ಕಾಲು ಬದಲಾಗಲಿಲ್ಲ. ಗಂಡಸರು, ಹೆಂಗಸರು, ತಲೆಯ ಮೇಲೆ ಕೊಡ ಹೊತ್ತವರು, ಎಲ್ಲರೂ ಅಲ್ಲಿ ಬಂದಾಗ ಕಾಲು ಎತ್ತಿ ಆಚೆಗೆ ಇಡುತ್ತಾರೆ. ಪರವೂರಿನವರು ನೋಡಿ ನಗುತ್ತಾರೆ, ನಗಲಿ.

ತಟ್ಟೆಯವಳು ಹುಣ್ಣಿಮೆಯ ಹಿಂದುಮುಂದಿನಲ್ಲಿ ಹೋದಳು. ಅವಳ ಗಂಡ ಮಂಡಕ್ಕಿ ಮಾರುವವನು. ಕಡಿಮೆ ಮಾತಿನ ಮನುಷ್ಯ. ಮನೆಯಲ್ಲಿ ಮಾತಿನ ಪಾಲೆಲ್ಲ ಅವಳೇ ತೆಗೆದುಕೊಂಡಿದ್ದಳು, ಅವನೂ ಅದಕ್ಕೆ ಜಗಳ ತೆಗೆದವನಲ್ಲ. ಚಂದ್ರ ಅರ್ಧಕ್ಕೆ ಬಂದ ದಿನ ಅವನು ಬುಟ್ಟಿ ಹೊತ್ತುಕೊಂಡು ನನ್ನ ಜಗಲಿಗೆ ಬಂದ.

“ಅಣ್ಣಾ, ಒಂದು ಮಾತು ಕೇಳ್ಲಾ? ಅವಳು ಸೌಟು ಯಾವ ಕೈಲಿ ಹಿಡೀತಿದ್ಳು?”

“ಬಲಗೈ ಇರಬೇಕಲ್ಲ, ಎಲ್ಲರ ಹಾಗೆ,” ಅಂದೆ. ಅನ್ನುವಾಗಲೇ ನನಗೂ ಖಾತ್ರಿ ಇರಲಿಲ್ಲ.

“ಎದುರುಮನೆಯವರು ಎಡ ಅಂತಾರೆ. ಪಕ್ಕದವರು ಬಲ ಅಂತಾರೆ. ನನಗೆ ಹೋಗೇಬಿಟ್ಟಿದೆ ಅಣ್ಣಾ. ದಿನಾ ಆ ಕೈ ನೋಡ್ತಾ ಇದ್ದವನು ನಾನು.”

ಅವನು ಬುಟ್ಟಿ ಎತ್ತಿಕೊಂಡು ಮುಂದಿನ ಮನೆಗೆ ಹೋದ, ಅಲ್ಲಿಯೂ ಅದನ್ನೇ ಕೇಳಿದ.

ಆ ಸಂಜೆಯೇ ಎಲೆಯಡಿಕೆ ಅಂಗಡಿಯವನು ಹೊಸ ಗಡಿಗೆಯೊಂದನ್ನು ತಂದು ತಟ್ಟೆಯವಳ ಹೆಸರಿನಲ್ಲಿ ತೂಗುಹಾಕಿದ. ಒಳಗೆ ಮಾತು ಹಾಕುವ ಮೊದಲೇ ಒಡೆಯುವವನು ತಕರಾರು ಎತ್ತಿದ. ಅವನಿಗೆ ಅವಳ ಮೇಲೆ ಸಿಟ್ಟೇನೂ ಇರಲಿಲ್ಲ. “ಬೀದೀಲಿ ಮಾತಾಡಿದವರಿಗೆಲ್ಲ ಗಡಿಗೆ ಕೊಟ್ಟರೆ ತೊಲೆ ತಡೆಯುತ್ತಾ?” ಎಂಬುದು ಅವನ ವಾದ. ಹೀಗೆ ಚರ್ಚೆ ಶುರುವಾಯಿತು. ಮಂಡಕ್ಕಿಯವನು ಗಂಡನಾದ್ದರಿಂದ ಮಾತಾಡುವಂತಿರಲಿಲ್ಲ. ದಿನವೂ ಬಂದು ಹೊಸ್ತಿಲಿನ ಹೊರಗೆ ಕೂತಿರುತ್ತಿದ್ದ.

ಮೊದಲು ಡಂಗುರದವನನ್ನು ಕರೆಸಿದರು. ಡಂಗುರದಲ್ಲಿ ಬಂದ ಮಾತಿಗೆ ತಕ್ಕಡಿಯಲ್ಲಿ ಯಾವಾಗಲೂ ತೂಕ ಜಾಸ್ತಿ.

“ಅವಳ ಹೆಸರು ನಿನ್ನ ಡಂಗುರದಲ್ಲಿ ಯಾವತ್ತಾದರೂ ಬಂದಿದೆಯಾ?” ಅಜ್ಜಿ ಕೇಳಿದಳು.

“ಬಾವಿ ನೀರು ಸೇದಬೇಡಿ ಅಂತ ಸಾರಿದೀನಿ ಅಜ್ಜಿ. ಸೇರಿನ ವಿಷಯಾನೂ ಸಾರಿದೀನಿ. ಸ್ವಲ್ಪ ತಡವಾಗಿ ಅಪ್ಪಣೆ ಬಂತು.”

“ಮೊದಲು ಹೇಳಿದ್ದು ಯಾರು ಅಂತ ಸಾರಿದೆಯಾ?”

“ಅದಕ್ಕೆ ಅಪ್ಪಣೆ ಇರಲಿಲ್ಲ.” ಅವನು ತಲೆ ಕೆರೆದುಕೊಂಡ. “ಹಾಂ, ಒಂದು ಸಲ ಬಂದಿದೆ. ಸುಮ್ಮಸುಮ್ಮನೆ ಯಾರೂ ತಟ್ಟೆ ಬಡಿಯಕೂಡದು ಅಂತ ಅರಮನೆಯಿಂದ ಬಂತು. ಮೂರು ಬೀದಿಯಲ್ಲೂ ಸಾರಿದೆ.”

“ಅದು ತಟ್ಟೆಯ ವಿಷಯ, ತಟ್ಟೆಯವಳ ವಿಷಯ ಅಲ್ಲ,” ಎಂದ ಒಡೆಯುವವನು. ತಕ್ಕಡಿ ಅಲ್ಲಾಡಲಿಲ್ಲ.

ಆಮೇಲೆ ಊರಿನವರು ಒಬ್ಬೊಬ್ಬರಾಗಿ ಬಂದರು. ಒಬ್ಬಳು ತಾಯಿ ಬಂದು, “ಆವತ್ತು ಅವಳು ಬಡೀದೇ ಇದ್ದಿದ್ರೆ ಅದೇ ನೀರನ್ನ ನನ್ನ ಕೂಸಿಗೆ ಕುಡಿಸ್ತಿದ್ದೆ,” ಅಂದಳು. ಹಾಗಾದರೆ ನೀನು ಹಂಗಿನವಳು, ಆಚೆ ಕೂತ್ಕೋ ತಾಯಿ, ಎಂದರು. ರಾಗಿ ಕೊಳ್ಳುವವನು ಬಂದು ಸೇರಿನ ಮಾತೆತ್ತಿದ. ನೀನೂ ಹಂಗಿನವನು, ಆಚೆ ಕೂತ್ಕೋ. ಗಾಣದವನು ಬಂದ. ತಾನು ಸತ್ತ ಸುದ್ದಿಯಿಂದ ಊರಿಗೆ ತನ್ನ ಮೇಲೆ ಎಷ್ಟು ಪ್ರೀತಿ ಇದೆ ಎಂದು ತಿಳಿಯಿತಂತೆ. ಅವನನ್ನೂ ಆಚೆ ಕೂರಿಸಿದರು. ಮಜ್ಜಿಗೆಯವನು ಬಂದು, ಗಡಿಗೆ ಬೇಡವೇ ಬೇಡ, ಅವಳು ನನ್ನ ಮಜ್ಜಿಗೇಲಿ ನೀರು ಜಾಸ್ತಿ ಅಂತ ಬಡಿದು ವ್ಯಾಪಾರ ಕೆಡಿಸಿದಳು, ಎಂದ.

“ನೀರು ಹಾಕ್ತಿದ್ದಿದ್ದು ಹೌದಾ?” ಅಜ್ಜಿ ಕೇಳಿದಳು.

“ಮಜ್ಜಿಗೆಗೆ ನೀರು ಹಾಕ್ದೆ ಇನ್ನೇನು ಹಾಕ್ತಾರೆ ಅಜ್ಜಿ?”

“ಹಗೆಯವನು. ಆಚೆ ಕೂತ್ಕೋ.”

ಎಲೆಯಡಿಕೆ ಅಂಗಡಿಯವನಿಗೆ ಇದನ್ನೆಲ್ಲ ನೋಡಿ ತಡೆಯಲಾಗಲಿಲ್ಲ. ಒಂದು ದಿನ ರುಮಾಲು ಸುತ್ತಿಕೊಂಡು ಪರವೂರಿನ ಉಪ್ಪಿನ ವ್ಯಾಪಾರಿ ಎಂದು ಹೇಳಿಕೊಂಡು ಬಂದ. ಮಾರನೇ ದಿನ ಹಣೆಗೆ ವಿಭೂತಿ ಬಳಿದುಕೊಂಡು ದಾರಿಹೋಕ ಜಂಗಮನಾಗಿ ಬಂದ. ಮೂರನೇ ದಿನ ಹೆಂಡತಿಯ ಸೀರೆಯ ಸೆರಗು ಮುಖದ ಮೇಲೆ ಎಳೆದುಕೊಂಡು ಬಂದ. ಮೂವರೂ ಒಂದೇ ಮಾತನ್ನು ಒಂದೇ ರಾಗದಲ್ಲಿ ಹೇಳಿದರು, ಮೂವರ ತುಟಿಯೂ ಕೆಂಪಗಿತ್ತು. ಅಜ್ಜಿ ಗಂಭೀರವಾಗಿ ಕೇಳಿಸಿಕೊಂಡು, “ಸರಿ ತಾಯಿ. ಹೋಗುವಾಗ ಉಪ್ಪಿನವನಿಗೂ ಜಂಗಮಯ್ಯನಿಗೂ ಎಲೆ ಉಗಿದು ಬರೋಕೆ ಹೇಳು,” ಅಂದಳು. ಪಿಸುದನಿಯ ಮನೆಯಲ್ಲಿ ನಗು ತಡೆಯಲು ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ.

ಹೀಗೆ ಚರ್ಚೆ ಬೆಳೆಯಿತು, ಚಂದ್ರ ಸವೆದ. ನೋಡುತ್ತ ನೋಡುತ್ತ ಆಚೆ ಕೂತವರ ಸಾಲು ಅಂಗಳ ತುಂಬಿತು. ನಾನೂ ಅದರಲ್ಲಿದ್ದೆ. ಯಾರನ್ನು ಕೇಳಿದರೂ ಒಂದಲ್ಲ ಒಂದು ಹಂಗು. ಋಣವಿಲ್ಲದವರೇ ಹೇಳಬೇಕು ಎಂದರೆ ಹೇಳುವವರು ಯಾರು? ಒಬ್ಬ ಹೆಂಗಸು ಎಲ್ಲರಿಗೂ ಬೇಕಾಗಿ ಬದುಕಿದ್ದೇ ತಪ್ಪಾಗಿಹೋಯಿತಲ್ಲ ಎಂದು ನನಗೆ ಉರಿಯಿತು. ಅಷ್ಟರಲ್ಲಿ ಮೇಲೆ ತೊಲೆ ಕಿರ್ ಎಂದಿತು. ಯಾರೂ ತಲೆಯೆತ್ತಲಿಲ್ಲ. ಅಂಥ ಸದ್ದಿಗೆ ತಲೆಯೆತ್ತಿ ನೋಡುವ ಕೆಲಸವನ್ನು ಇಷ್ಟು ಕಾಲ ಒಬ್ಬಳೇ ಮಾಡುತ್ತಿದ್ದಳು.

ಅಮಾವಾಸ್ಯೆಯ ಹಿಂದಿನ ದಿನ ಅಜ್ಜಿ ತಕ್ಕಡಿ ಎತ್ತಿ ಹಿಡಿದಳು. ಇರಲಿ ಎನ್ನುವ ಕಡೆ ಸಲ್ಲುವ ಮಾತು ಒಂದೂ ಇಲ್ಲ. ಕಟ್ಟಳೆಯ ಪ್ರಕಾರ ಗಡಿಗೆ ಒಡೆಯಬೇಕು. ಮಂಡಕ್ಕಿಯವನು ಹೊಸ್ತಿಲಿನ ಆಚೆ ಎದ್ದು ನಿಂತ, ಮತ್ತೆ ಕೂತ.

ಒಡೆಯುವವನು ಕಲ್ಲು ತೆಗೆದುಕೊಂಡು ಗಡಿಗೆಯ ಮುಂದೆ ನಿಂತ. ಒಡೆಯುವ ಮೊದಲು ಒಂದು ಪ್ರಮಾಣ ಹೇಳಬೇಕು. ಅದು ಒಡೆಯುವವನ ಮೇಲೂ ಇರುವ ಕಟ್ಟಳೆ. ಪ್ರತಿ ಸಲವೂ ಹೇಳುತ್ತಿದ್ದ, ನಾವು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

“ಈ ಗಡಿಗೆಯವರಿಗೂ ನನಗೂ ನೆಂಟಸ್ತನವಿಲ್ಲ,” ಎಂದು ಪಿಸುಗುಟ್ಟಿದ. “ಹಗೆಯೂ ಇಲ್ಲ…”

ಅಲ್ಲಿಗೆ ನಿಂತ. ಮುಂದಿನ ಮಾತು ‘ಹಂಗೂ ಇಲ್ಲ’ ಎಂದು. ಅದು ಬರಲಿಲ್ಲ. ಅವನು ತನ್ನ ಬಲಗಾಲನ್ನೇ ನೋಡುತ್ತಿದ್ದ.

“ಯಾಕಪ್ಪ?” ಅಜ್ಜಿ ಕೇಳಿದಳು.

“ಬೆಳಿಗ್ಗೆ ಬರುವಾಗ ಸಂಕದ ಮೇಲೆ ಕಾಲು ಎತ್ತಿ ಇಟ್ಟೆ ಅಜ್ಜಿ.”

“ಎಲ್ಲರೂ ಎತ್ತಿ ಇಡ್ತಾರಪ್ಪ.”

“ಅದೇ. ಎಲ್ಲರ ಜೊತೆ ನಾನೂ ಇಟ್ಟೆ. ಆವತ್ತು ಎತ್ತಿ ಇಡದೆ ಇದ್ದಿದ್ರೆ ಕಾಲುವೇಲಿ ಇರ್ತಿದ್ದೆ.” ಕಲ್ಲನ್ನು ಮುಂದಕ್ಕೆ ಚಾಚಿದ. “ನಾನು ಹಂಗಿನವನು. ನನ್ನಿಂದ ಒಡೆಯೋಕಾಗಲ್ಲ. ಬೇರೆಯವರು ಯಾರಾದ್ರೂ ಒಡೀರಿ.”

ಕಲ್ಲನ್ನು ಯಾರೂ ತೆಗೆದುಕೊಳ್ಳಲಿಲ್ಲ. ಮಜ್ಜಿಗೆಯವನು ಕೈ ನೀಡಲು ಹೋದ, ಹಗೆಯವನು ಎಂದು ಪಕ್ಕದವನು ಕೈ ಹಿಡಿದ. ಕೊನೆಗೆ ಅಜ್ಜಿಯ ಕಡೆ ಚಾಚಿದರೆ ಅವಳೂ ತಲೆಯಾಡಿಸಿದಳು. “ನನ್ನ ಕೈಗ್ಯಾಕೆ ಕೊಡ್ತೀಯ? ಆವತ್ತು ಬಾವಿ ನೀರು ನಾನೂ ಕುಡೀಲಿಲ್ಲ. ತೂಗೋಕೂ ನನಗೆ ಹಕ್ಕಿರಲಿಲ್ಲ ಅಂತ ಈಗ ಗೊತ್ತಾಗ್ತಿದೆ.”

ಅವಳು ತಕ್ಕಡಿ ಕೆಳಗಿಟ್ಟು ತೀರ್ಪು ಹೇಳಿದಳು. “ಮಾತು ಹಾಕೋಕೆ ಯಾರೂ ಸಲ್ಲಲಿಲ್ಲ. ಒಡೆಯೋಕೂ ಯಾರೂ ಸಲ್ಲಲಿಲ್ಲ. ಗಡಿಗೆ ಹಾಗೇ ತೂಗಲಿ.”

“ಖಾಲಿ ಗಡಿಗೆಯಿದ್ರೆ ನೆನಪಿರುತ್ತಾ ಅಜ್ಜಿ?” ಮಂಡಕ್ಕಿಯವನು ಹೊಸ್ತಿಲಿನ ಆಚೆಯಿಂದ ಕೇಳಿದ. ಚರ್ಚೆಯ ಅಷ್ಟೂ ದಿನದಲ್ಲಿ ಅವನು ಅಲ್ಲಿ ಆಡಿದ ಮಾತು ಅದೊಂದೇ.

“ಗೊತ್ತಿಲ್ಲ ಮಗಾ. ಇದುವರೆಗೆ ಯಾರದೂ ಹೀಗೆ ಉಳಿದಿಲ್ಲ.”

ಅಮಾವಾಸ್ಯೆ ಬಂತು, ಹೋಯಿತು.

ಪಾಡ್ಯದ ಬೆಳಿಗ್ಗೆ ನಾವು ಏನನ್ನು ಮರೆತಿದ್ದೆವು ಎಂದು ಹೇಳಲಾರೆ, ಮರೆತಿದ್ದೆವಲ್ಲ. ಎಲ್ಲ ಪಾಡ್ಯದ ಹಾಗೆ ಸ್ನಾನ ಮಾಡಿ, ಮಡಿ ಉಟ್ಟು, ಮಾತಾಡುತ್ತ ಕಾಲುವೆಯ ಕಡೆ ಹೊರಟೆವು. ಮಂಡಕ್ಕಿಯವನೂ ಬುಟ್ಟಿ ಹೊತ್ತುಕೊಂಡು ಜೊತೆಗಿದ್ದ. “ಬೆಳಿಗ್ಗೆ ಎದ್ದು ಯಾಕೋ ಎರಡು ಲೋಟ ಗಂಜಿ ಬಗ್ಗಿಸಿದೆ ಅಣ್ಣಾ,” ಅಂದ. “ಹಸಿವು ಜಾಸ್ತಿ ಇರಬೇಕು ಬಿಡು,” ಅಂದೆ. ಇಬ್ಬರೂ ನಕ್ಕೆವು.

ಒಡೆಯುವವನು ನಮಗಿಂತ ಮೊದಲೇ ಹೋಗಿದ್ದ. ಬಾಗಿಲು ತೆಗೆದು ನೋಡಿದರೆ ತೊಲೆ ನಡುವಿನಲ್ಲಿ ಬಿರಿದು ಬಾಗಿತ್ತು. ಅರಸರು, ದಂಡನಾಯಕರು, ಉಪ್ಪಿನಕಾಯಿಯವನು ಎಲ್ಲರ ಭಾರವೂ ಒಂದು ಸಿಬಿರಿನ ಮೇಲೆ ನಿಂತಿತ್ತು. ಊರು ಒಳಗೆ ಬಂದು ಅದರ ಕೆಳಗೆ ನಿಂತು ನೆಲುವುಗಳನ್ನು ಎಳೆದರೆ ಗತಿಯೇನು? ಕೂಗಬೇಕು ಎಂದು ಬಾಯಿ ತೆಗೆದ. ಪಿಸುದನಿಯೇ ಬಂತು. ಡಂಗುರದವನ ಮನೆಗೆ ಓಡೋಣವೆಂದರೆ ಅವನಿಗೆ ಅಪ್ಪಣೆ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಕೈಯಲ್ಲಿ ಕಲ್ಲಿತ್ತು. ಕೈಗೆ ಸಿಕ್ಕಿದ ಗಡಿಗೆಗೆ ಅದರಿಂದ ಮೆಲ್ಲಗೆ ತಟ್ಟಿದ, ಮಂದವಾಗಿ ದಬ್ ಎಂದಿತು. ಇನ್ನೊಂದಕ್ಕೆ ತಟ್ಟಿದ, ಅದೂ ದಬ್ ಎಂದಿತು. ಮಾತು ತುಂಬಿದ ಗಡಿಗೆಗಳು ಸದ್ದು ಕೊಡುವುದಿಲ್ಲ. ಬಾಗಿಲ ಬಳಿ ಒಂದು ಹೊಸ ಗಡಿಗೆ ತೂಗುತ್ತಿತ್ತು. ಯಾರದೆಂದು ಅವನಿಗೆ ತಿಳಿಯಲಿಲ್ಲ, ಒಳಗೆ ಏನೂ ಇರಲಿಲ್ಲ. ಅದನ್ನು ನೆಲುವಿನಿಂದ ಬಿಡಿಸಿಕೊಂಡು ಹೊರಗೆ ಬಂದು, ಸಂತೆಯಲ್ಲಿ ಗಡಿಗೆ ಕೊಳ್ಳುವವರು ತಟ್ಟಿ ನೋಡುವಂತೆ ತಟ್ಟಿದ.

ಠಣ್ ಠಣ್ ಠಣ್.

ಸಂಕದ ಮೇಲಿದ್ದ ನಾವು ನಿಂತುಬಿಟ್ಟೆವು. ಯಾಕೆ ನಿಂತೆವೆಂದು ನಮಗೂ ಗೊತ್ತಿಲ್ಲ. ಆ ಸದ್ದು ಬಂದರೆ ನಿಂತು, ಮುಂದೆ ಬರುವ ಮಾತಿಗೆ ಕಾಯಬೇಕು ಎಂದು ಮೈಗೆ ಗೊತ್ತಿತ್ತು. ನನ್ನ ಮುಂದಿದ್ದವನು ಹಲಗೆ ದಾಟಲು ಎತ್ತಿದ ಕಾಲು ಎತ್ತಿದ ಹಾಗೇ ಇತ್ತು. ಇಡೀ ಊರು ಉಸಿರು ಬಿಗಿಹಿಡಿದಿದ್ದರಿಂದ ಅವನ ಪಿಸುದನಿಯೂ ಕೇಳಿಸಿತು.

“ಒಳಗೆ ಬರಬೇಡಿ. ತೊಲೆ ಬಿರಿದಿದೆ. ಗೋಡೆ ಪಕ್ಕದಿಂದ ಒಬ್ಬೊಬ್ಬರೇ ಬಂದು ನಿಮ್ಮ ನಿಮ್ಮ ಗಡಿಗೆ ಇಳಿಸ್ಕೊಳ್ಳಿ.”

ಹಿಂದಿದ್ದವರಿಗೂ ತಿಳಿಯಲಿ ಎಂದು ಮತ್ತೆ ತಟ್ಟಿದ. ಆಗ ಮಂಡಕ್ಕಿಯವನು ತಲೆಯ ಮೇಲಿನ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟ. ಜನರನ್ನು ಸರಿಸಿಕೊಂಡು, ನಡುವಿನ ಹಲಗೆ ಬಂದಾಗ ಕಾಲು ಎತ್ತಿ ಆಚೆಗಿಟ್ಟು, ನೇರ ಒಡೆಯುವವನ ಮುಂದೆ ಹೋಗಿ ನಿಂತ. ಬಹಳ ಹೊತ್ತು ಅವನ ಕೈಯನ್ನೇ ನೋಡಿದ. ಆಮೇಲೆ ಊರಿಗೆಲ್ಲ ಕೇಳುವ ಹಾಗೆ ಹೇಳಿದ.

“ಆ ಕೈ ಅಲ್ಲ ಅಣ್ಣಾ. ಎಡಗೈಲಿ ಬಡಿ. ಅವಳು ಎಡಗೈಲಿ ಬಡೀತಿದ್ಳು.”

ಒಡೆಯುವವನು ಕಲ್ಲನ್ನು ಎಡಗೈಗೆ ತೆಗೆದುಕೊಂಡ.